ಮಾಸ್ಟರು ಬಿಡಿಸಿಕೊಳ್ಳಲಾರದ ಹಿಡಿತ

ತಮಿಳುನಾಡಿನ ಉತ್ತಮಪಾಳಯಂ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನ ಗಂಡ ಹೆಂಡತಿ ಮನೆಗನ್ನಡದಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು.

“ನಿಮ್ಮನ್ನ ಕೆಡವಿದ್ದು ಯಾರು?” ಹೆಂಡತಿ ಕೇಳಿದರು.

“ನಮ್ ಯುವಶ್ರೀನೇ. ನನ್ ಹತ್ರ ಕರಾಟೆ ಕಲ್ತೋಳು. ಈಗ ದಿಂಡಿಗಲ್ಲಲ್ಲಿ ಜಿಯು ಜಿಟ್ಸು, ಅದೇ ಹಿಡಿದು ಕೆಡವೋ ಕುಸ್ತಿ, ಕಲೀತಾಳೆ.”

“ಬಿಡಿಸ್ಕೊಳ್ಳಕ್ಕೆ ಆಗಲಿಲ್ವಾ?”

“ಇಲ್ಲ. ಕತ್ತು ಹಿಡಿದ್ಲು. ನಾನು ಕಲ್ಸಿದ್ದು ಒಂದೂ ನನ್ ಕೈಗೆ ಬರಲಿಲ್ಲ.”

“ನೋವಾಯ್ತಾ?”

“ಏನೂ ಅನ್ನಿಸ್ಲಿಲ್ಲ. ಈಗ್ಲೂ ಅನ್ನಿಸ್ತಿಲ್ಲ.”

“ಇಷ್ಟ್ ವರ್ಷ ಕಲ್ಸಿದ್ದು?”

“ಗಾಳೀಗೆ ಗುದ್ದೋದು ಕಲ್ಸಿದ್ದೆ. ಎದುರಿಗಿರೋನು ನಿಜವಾಗ್ಲೂ ಹಿಡಿದ್ರೆ ಏನಾಗ್ತದೆ ಅಂತ ಒಂದಿನಾನೂ ನೋಡಲಿಲ್ಲ.”

“ಸೆರಿ, ನಾಳೆ ಕ್ಲಾಸಿಗೆ ಮಕ್ಕಳು ಬರ್ತಾವಲ್ಲ, ಏನ್ ಹೇಳ್ತೀರಿ?”

“ನನ್ನ ಹಿಡೀರಿ ಅಂತೀನಿ. ಮಾಸ್ಟರು ಅಂತ ಬಿಡಬ್ಯಾಡಿ ಅಂತೀನಿ.”

ತೇವಾರಂ ಬಸ್ಸು ಬಂತು. ಹೆಂಡತಿ ಗಂಡನ ಬ್ಯಾಗನ್ನೂ ತಾನೇ ಎತ್ತಿಕೊಂಡು ಮುಂದೆ ಹತ್ತಿದರು.