ಶೆವೆಲ್ ಕಾರಿನ ಎ.ಸಿ. ಕಾಣೆಯಾದ ಬಗ್ಗೆ

ಹೆಸರು: ಡ್ಯಾರೆಲ್ ಪ್ರುಯಿಟ್. ವಯಸ್ಸು: 64 ವರ್ಷ. ಉದ್ಯೋಗ: ಟೈರು ವ್ಯಾಪಾರ, ಒಂದು ಜಾಕ್ ಇಟ್ಟುಕೊಂಡು ಶುರು ಮಾಡಿದ್ದು, ಈಗ ಮೂರು ಅಂಗಡಿ. ವಾಸ: ಟೂಸಾನ್ ನಗರದ ಪೂರ್ವಭಾಗ, ಅರಿಜೋನಾ.

ಮೇಲ್ಕಂಡ ನಾನು ಇಂದು ಸಂಜೆ 4.35ಕ್ಕೆ ನಾನಾಗಿ ಠಾಣೆಗೆ ಬಂದು ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ 7.30ರಿಂದ ಮಧ್ಯಾಹ್ನ 3.40ರ ನಡುವೆ, ನನ್ನ ಮನೆಯ ಶೆಡ್ಡಿನಲ್ಲಿ ನಿಂತಿದ್ದ 1969ರ ಶೆವೆಲ್ ಕಾರಿನಿಂದ ಎ.ಸಿ.ಯ ಅಷ್ಟೂ ಭಾಗಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಸದ್ಯಕ್ಕೆ ‘ಯಾರೋ’ ಎಂದೇ ಬರೆದುಕೊಳ್ಳಬೇಕು.

ಆ ಎ.ಸಿ. ನಿಮ್ಮದೇ ತಾನೆ ಎಂದು ಅಧಿಕಾರಿಗಳು ಕೇಳಿದ್ದರಿಂದ ಮೊದಲಿನಿಂದ ಹೇಳಬೇಕಾಗಿದೆ.

ಸದರಿ ಕಾರಿಗೆ ಕಾರ್ಖಾನೆಯಲ್ಲೇ ಕೂರಿಸಿದ ಎ.ಸಿ. ಇತ್ತು. 1988ರ ಏಪ್ರಿಲ್‌ನಲ್ಲಿ ಅದನ್ನು ನಾನೇ ಬಿಚ್ಚಿದೆ. ಆಗ ರೇಸಿಗೆ ಹೋಗುತ್ತಿದ್ದೆ. ಬಿಚ್ಚಿದ್ದನ್ನು ತೂಗಿದಾಗ 104 ಪೌಂಡ್. ಕಾಲು ಮೈಲಿ ಓಟದಲ್ಲಿ ಉಳಿದದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಎಂಜಿನ್‌ಗೂ ಸೀಟಿಗೂ ನಡುವಿನ ಗೋಡೆಯಲ್ಲಿ ಬಿದ್ದ ತೂತಿಗೆ ಹದಿನಾಲ್ಕು ಸ್ಕ್ರೂ ಹಾಕಿ ತಗಡು ಬಡಿದೆ. ನನ್ನ ಹೆಂಡತಿ ಕೊರಿನ್ ಆ ದಿನ ಏಳು ಗಂಟೆ ಟಾರ್ಚ್ ಹಿಡಿದು ನಿಂತಿದ್ದಳು. ಬಿಚ್ಚಿದ ಬೋಲ್ಟುಗಳನ್ನು ಕೇಕ್ ಬೇಯಿಸುವ ಹನ್ನೆರಡು ಗುಳಿಯ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಜೋಡಿಸಿದವಳು ಅವಳೇ. “ಜೂನಲ್ಲಿ ಏನ್ ಮಾಡೋದು?” ಎಂದು ಕೇಳಿದಳು. “ಕಿಟಕಿಗೆ ಹಿಡಿ ಇದೆಯಲ್ಲ, ತಿರುಗ್ಸು” ಎಂದೆ. ಅಂದಿನಿಂದ ಇಪ್ಪತ್ತೊಂಬತ್ತು ವರ್ಷ ಅವಳು ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಂಡು ಈ ಕಾರಿನಲ್ಲಿ ಕೂತಿದ್ದಾಳೆ.

ನಮ್ಮ ಮನೆಯಿಂದ 340 ಅಡಿ ದೂರದಲ್ಲಿ ಗಿಲ್ಬರ್ಟ್ ಓಚೋವ ಎಂಬವರಿದ್ದಾರೆ. ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ. ಈ ವರ್ಷದ ಮೇ 6ರಂದು ಅವರಿಗೆ ಚಿಕ್ಕಮ್ಮನ ಕಡೆಯಿಂದ ಒಂದು ಶೆವೆಲ್ ಬಂತು. ನನ್ನದೇ ವರ್ಷದ್ದು, ನನ್ನದೇ ಬಣ್ಣ. ಎ.ಸಿ. ನಡೆಯುತ್ತಿತ್ತು.

ಹಳೇ ಕಾರಿನವರು ನಾವು ಶನಿವಾರ ಸಂಜೆ 6ಕ್ಕೆ 4.2 ಮೈಲಿ ದೂರದ ಹೋಟೆಲ್ ಅಂಗಳದಲ್ಲಿ ಸೇರುತ್ತೇವೆ. ಬಾನೆಟ್ ಎತ್ತಿಟ್ಟು ಹಿಂದೆ ಮಡಚು ಕುರ್ಚಿ ಹಾಕಿಕೊಂಡು ಕೂರುವುದು ವಾಡಿಕೆ. ಮೇ 13ರಂದು 103 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿತ್ತು. ಗಿಲ್ಬರ್ಟ್ ನನ್ನ ಹೆಂಡತಿಗೆ, “ಯಾಕಮ್ಮ ಅಲ್ಲಿ ಬೇಯ್ತಾ ಕೂತಿದೀಯ, ಇಲ್ಲಿ ಬಾ, ತಣ್ಣಗಿದೆ” ಎಂದರು. ಅವಳು ಹನ್ನೊಂದು ನಿಮಿಷ ಕೂತಳು. ಮೇ 20ರಂದು ಇಪ್ಪತ್ತಾರು ನಿಮಿಷ. ಮೇ 27ರಂದು ನಲವತ್ತು. ಇಡೀ ಅಂಗಳದಲ್ಲಿ ಕಿಟಕಿ ಏರಿಸಿದ ಕಾರು ಅದೊಂದೇ. ಜೂನ್ 3ರಂದು ಅವಳು ಟವೆಲ್ ತರಲಿಲ್ಲ, ಶಾಲು ತಂದಳು. ಮನೆಗೂ ಅದೇ ಕಾರಿನಲ್ಲಿ ಬಂದಳು. ಕೂದಲು ಒಂದೆಳೆ ಕದಲಿರಲಿಲ್ಲ.

ಜೂನ್ 10ರಂದು ನಾನು ಗಿಲ್ಬರ್ಟ್‌ಗೆ, “ಗುರು, ಆ ಎ.ಸಿ. ನಿನ್ನ ಎಂಜಿನ್ನಿನ ಜೀವ ಹಿಂಡ್ತಿದೆ. ಓಡೋದು ನೋಡಿದ್ರೆ ಮುದುಕಿ ಗಾಡಿ ಥರ ಇದೆ” ಎಂದೆ. ಅವರು, “ಮುದುಕಿ ಗಾಡೀನೇ ಅಲ್ವೇನಯ್ಯ, ನಮ್ಮ ಚಿಕ್ಕಮ್ಮಂದು” ಎಂದರು. ಒಂದು ವಾರ ತಲೆ ತಿಂದೆ. ಒಪ್ಪಿದರು. ಜೂನ್ 17ರಂದು ನನ್ನ ಅಂಗಡಿಯಲ್ಲಿ ಬೆಳಿಗ್ಗೆ 8ರಿಂದ 3.10ರವರೆಗೆ ಇಬ್ಬರೂ ಸೇರಿ ಬಿಚ್ಚಿದೆವು. ಒಳಗಿನ ಗ್ಯಾಸನ್ನು ಗಾಳಿಗೆ ಬಿಟ್ಟಿಲ್ಲ. ಪರವಾನಗಿ ಇದ್ದವನನ್ನು ಕರೆಸಿ ತೆಗೆಸಿದೆ. ಚೀಟಿ ಒಂದು, ಲಗತ್ತಿಸಿದೆ. “ಏನೂ ಎಸೀಬೇಡಪ್ಪ, ಭದ್ರವಾಗಿಡು. ಬೇಜಾರಾದ್ರೆ ವಾಪಸ್ ಹಾಕ್ಕೋತೀನಿ” ಎಂದು ಗಿಲ್ಬರ್ಟ್ ಹೇಳಿದ್ದು ನಿಜ.

ಜೂನ್ 24ರಂದು 111 ಡಿಗ್ರಿ. ಗಿಲ್ಬರ್ಟ್ ಕಾರಿನ ನಾಲ್ಕೂ ಕಿಟಕಿ ಇಳಿದಿದ್ದವು. ಕೊರಿನ್ ಹೋಗಿ ಅದರಲ್ಲೇ ಇಪ್ಪತ್ತೆರಡು ನಿಮಿಷ ಕೂತಳು. ಮನೆಗೆ ಬಂದು, ಈಗ ಅಲ್ಲೇನಿದೆ ಎಂದು ಕೇಳಿದೆ. “ಸೆಕೆ ಆಗ್ತಿದ್ಯಾ ಅಂತ ಕೇಳ್ತಾರೆ, ಅಷ್ಟೇ” ಎಂದಳು.

ಜೂನ್ 25ರಿಂದ 30ರವರೆಗೆ ಗಿಲ್ಬರ್ಟ್ ಕಾರಿನಿಂದ ಬಿಚ್ಚಿದ ಆ ಎ.ಸಿ.ಯನ್ನು ನನ್ನ ಕಾರಿಗೆ ಕೂರಿಸಿದೆ. ಅದೇ ಮನುಷ್ಯನಿಂದ ಗ್ಯಾಸ್ ತುಂಬಿಸಿದೆ. ಅದು ಎರಡನೇ ಚೀಟಿ. ಭದ್ರವಾಗಿಡು ಎಂದಿದ್ದರು, ನನ್ನ ಕಾರಿಗಿಂತ ಭದ್ರವಾದ ಜಾಗ ನನ್ನಲ್ಲಿಲ್ಲ ಎಂದು ಅಧಿಕಾರಿಗಳಿಗೆ ಹೇಳಿದೆ. ಅದನ್ನು ಬರೆದುಕೊಳ್ಳಬೇಕೇ ಎಂದು ಕೇಳಿದರು. ಬೇಡ ಎಂದೆ. ಬರೆದುಕೊಂಡಿದ್ದಾರೆ.

ಜುಲೈ 1ರಂದು ಕೊರಿನ್ ನನ್ನ ಕಾರಿನಲ್ಲಿ ಕಿಟಕಿ ಏರಿಸಿ ಕೂತಳು. ನಾನು ಬಾನೆಟ್ ಮುಚ್ಚಿಯೇ ಇಟ್ಟಿದ್ದೆ. ಅದೇ ತಪ್ಪಾಯಿತು. ನಮ್ಮಲ್ಲಿ ಬಾನೆಟ್ ಎತ್ತಿದ ಕಾರನ್ನು ಇಬ್ಬರು ನೋಡಿದರೆ, ಮುಚ್ಚಿದ್ದನ್ನು ಹತ್ತು ಜನ ಸುತ್ತುತ್ತಾರೆ. “ಒಳಗೇನು, ಹೊಸ ಸೊಸೇನ ಬಚ್ಚಿಟ್ಟಿದೀಯಾ?” ಎಂದು ಒಬ್ಬ ಕೇಳಿದ. 6.25ಕ್ಕೆ ಎತ್ತಿದೆ. ಗಿಲ್ಬರ್ಟ್ ಓದುವ ಕನ್ನಡಕ ಹಾಕಿಕೊಂಡು ಬಗ್ಗಿದರು. ಈ ಕಾರುಗಳ ಪ್ರತಿಯೊಂದು ಭಾಗದ ಮೇಲೂ ಅದು ತಯಾರಾದ ತಾರೀಕಿನ ಮುದ್ರೆ ಇರುತ್ತದೆ. ಅದನ್ನು ಓದುವುದನ್ನು ಅವರಿಗೆ ಕಲಿಸಿದವನು ನಾನೇ. “ಡ್ಯಾರೆಲ್, ನಿನ್ನ ಕಾರು ಹುಟ್ಟಿದ್ದು ಅರವತ್ತೆಂಟರ ನವೆಂಬರಲ್ಲಿ ಅಂತಿದ್ದೆ. ಈ ಕಂಪ್ರೆಸರ್ ಅರವತ್ತೊಂಬತ್ತರ ಫೆಬ್ರವರಿದು. ಮೂರು ತಿಂಗಳು ಇದಕ್ಕೋಸ್ಕರ ಕಾಯ್ತಾ ಕೂತಿತ್ತಾ?” ಎಂದರು. ಎಲ್ಲರೂ ನಕ್ಕರು. ಕಳ್ಳ ಎಂದು ಅವರು ಅನ್ನಲಿಲ್ಲ. ಬಾನೆಟ್ ಅಡ್ಡವಿದ್ದುದರಿಂದ ಕೊರಿನ್‌ಗೆ ನನ್ನ ಮುಖ ಕಾಣುತ್ತಿರಲಿಲ್ಲ. ಎ.ಸಿ. ಆರಿದ ಸದ್ದು ಕೇಳಿತು. ಬಾಗಿಲು ತೆರೆದ ಸದ್ದು ಕೇಳಿತು. ಅವಳು ಮನೆಗೆ ಗಿಲ್ಬರ್ಟ್ ಕಾರಿನಲ್ಲಿ ಹೋದಳು.

ಜುಲೈ 6ರಂದು ಊಟದ ಹೊತ್ತಿಗೆ, “ವಾಪಸ್ ಕೊಡ್ತೀಯೋ ಇಲ್ವೋ?” ಎಂದಳು. ಚಳಿಗಾಲ ಬರಲಿ ಎಂದೆ.

ಇಂದು 3.40ಕ್ಕೆ ಅಂಗಡಿಯಿಂದ ಬಂದಾಗ ಎ.ಸಿ. ಇರಲಿಲ್ಲ. ತಗಡನ್ನು ಹದಿನಾಲ್ಕು ಸ್ಕ್ರೂ ಹಾಕಿ ಮೊದಲಿದ್ದ ಹಾಗೇ ಕೂರಿಸಿದ್ದರು. ನನ್ನ ಕಾರಿನ ಬೋಲ್ಟುಗಳು ಹನ್ನೆರಡು ಗುಳಿಯ ತಟ್ಟೆಯಲ್ಲಿ ಕ್ರಮವಾಗಿದ್ದವು. ಹನ್ನೆರಡನೇ ಗುಳಿಯಲ್ಲಿ ಗ್ಯಾಸಿನವನ ಮೂರನೇ ಚೀಟಿ, ಸಹಿ ಕೊರಿನ್ ಪ್ರುಯಿಟ್. 3.55ಕ್ಕೆ ನಡೆದು ಹೋಗಿ ರಸ್ತೆಯ ಈಚೆ ನಿಂತು ನೋಡಿದೆ. ಗಿಲ್ಬರ್ಟ್ ಬಾನೆಟ್ ಒಳಗೆ ತಲೆ ಹಾಕಿದ್ದರು. ಅವಳು ಟಾರ್ಚ್ ಹಿಡಿದಿದ್ದಳು. ಅಲುಗಾಡದ ಹಾಗೆ ಹಿಡಿಯುವುದನ್ನು ನಾನು ಕಲಿಸಿದ್ದು. ಒಂಬತ್ತು ನಿಮಿಷ ನಿಂತು ಅಲ್ಲಿಂದ ಬಂದೆ. ಎ.ಸಿ. ಇಲ್ಲದ ನನ್ನ ಕಾರನ್ನೇ ಹತ್ತಿ ಇಲ್ಲಿಗೆ ಬಂದೆ.

ಈ ಮಟ್ಟಿಗೆ ಬರೆಸಿದ ಮೇಲೆ, 5.05ಕ್ಕೆ ಅಧಿಕಾರಿಗಳು ಠಾಣೆಯ ಅಂಗಳದಲ್ಲಿ ನನ್ನ ಸಮಕ್ಷಮ ಕಾರನ್ನು ಪರಿಶೀಲಿಸಿದರು. ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ನೀಲಿ ಐಸ್ ಪೆಟ್ಟಿಗೆ ಇತ್ತು. ನಾನು ಇಟ್ಟದ್ದಲ್ಲ. ಒಳಗೆ ಐಸು, ಹಿಂಡಿ ಮಡಚಿದ ಒದ್ದೆ ಟವೆಲ್ ಒಂದು, ತಂಪು ಪಾನೀಯದ ಡಬ್ಬಿ ಎರಡು. ಒಂದು ನಾನು ಕುಡಿಯುವಂಥದ್ದು, ಒಂದು ಅವಳದ್ದು. ಗಿಲ್ಬರ್ಟ್ ಕುಡಿಯುವಂಥದ್ದು ಇರಲಿಲ್ಲ. ಐಸಿನ ಅಡಿಯವರೆಗೆ ಕೈ ಹಾಕಿ ಎರಡು ಸಲ ಹುಡುಕಿದೆ.

ಇಂದು ಶನಿವಾರ, ಆರಕ್ಕೆ ಹೋಟೆಲ್ ಅಂಗಳದಲ್ಲಿ ಸೇರುವ ದಿನ. ಆದ್ದರಿಂದ ‘ಯಾರೋ’ ಎಂದು ಬರೆಸಿದ್ದನ್ನು ಹೊಡೆದುಹಾಕಲು, ದೂರನ್ನು ಇಲ್ಲಿಗೇ ಮುಗಿಸಲು ಕೋರುತ್ತೇನೆ. ವಸ್ತು ಅದರ ಮಾಲೀಕರಿಗೆ ಸೇರಿದೆ. ಈಗ ಗಂಟೆ 5.20, ಮನೆ ಆರು ಮೈಲಿ, ಐಸು ಕರಗುತ್ತಿದೆ. ಓದಿ ಹೇಳುವುದು ಬೇಗ ಆಗಲಿ ಎಂದು ಕೇಳಿಕೊಂಡೆ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಿಮಿಷಗಳೂ ಸೇರಿ ಎಲ್ಲವೂ ನಾನು ಹೇಳಿದಂತೆಯೇ ಇವೆ, ಸತ್ಯವಾಗಿವೆ.

ಟೂಸಾನ್
ಜುಲೈ 8, 2017, ಸಂಜೆ 5.27
(ಸಹಿ) ಡ್ಯಾರೆಲ್ ಪ್ರುಯಿಟ್