ಬೆನಕಪ್ಪ ಮಾಸ್ತರು ಅಂದ ಬಲ

ಬ್ಯಾಡವ್ವಾ ರಮಾ, ಚಾ ಬ್ಯಾಡ. ನೀನೂ ಕುಂದ್ರು. ಪೋಸ್ಟಾಫೀಸ್ನಾಗ ದಿನಾ ಸೀಲು ಹೊಡ್ದು ಹೊಡ್ದು ಕೈ ಸೋತಿರ್ತಾವು... ಆ ಕೈಯಾಗ ಮತ್ತ ಬ್ರಶ್ ಹಿಡಿ ಅಂತ ಹೇಳಾಕನ ಕೊಟ್ಟೂರಿನಿಂದ ಬಸ್ ಹತ್ತಿ ಬಂದೀನಿ. ನಗಬ್ಯಾಡ! ಡ್ರಾಯಿಂಗ್ ಮಾಸ್ತರ್ ಉಜ್ಜಿನಪ್ಪಗ ಮುಪ್ಪಿನಾಗ ತಲಿ ಕೆಟ್ಟೈತಿ ಅಂದ್ಕೊಂಡ್ಯಾ?

ತೊಂಬತ್ತಾರರ ಆ ಜಪಾನಿ ಪಂದ್ಯ ನೆನಪೈತೇನು? ಸಾವಿರ ವರ್ಷದ ಹಿಂದ ಅಲ್ಲಿ ಅರಮನ್ಯಾಗ ರಾಣಿಯರು, ದೊಡ್ಡ ದೊಡ್ಡ ಸರದಾರರು ಎಡದವರು ಬಲದವರು ಅಂತ ಎರಡು ಪಾಳಿ ಆಗಿ ಕುಂದ್ರತಿದ್ರಂತ. ಎಡದ್ದೊಂದು ಚಿತ್ರ, ಬಲದ್ದೊಂದು ಚಿತ್ರ, ಜೋಡಿ ಜೋಡಿ ಇಟ್ಟು ತೀರ್ಪು! ಲೈಬ್ರರಿ ಪುಸ್ತಕದಾಗ ಓದಿ ನನಗ ಹುಚ್ಚು ಹಿಡೀತು, ನಮ್ಮ ಸಾಲ್ಯಾಗೂ ಮಾಡಿಸಿದ್ನಿ. ಎಡದಾಗ ನನ್ನ ಮಗಳು ಗೀತಾಂಜಲಿ, ಬಲದಾಗ ನೀನು. ಗೆದ್ದಾಕಿನ್ನ ದಾವಣಗೆರಿಗೆ ಚಿತ್ರ ಕಲಿಯಾಕ ಸಾಲಿಯಿಂದನ ಕಳಸ್ತೀವಿ ಅಂದಿದ್ವಿ... ಹೂಂ. ಗೀತಾ ಹೋದ್ಲು.

ಅಲ್ಲ, ಕೇಳಿಲ್ಲಿ. ಕೊನೀ ಜೋಡಿ. ಅಕಿದು ನವಿಲು. ನಿಂದು ತಂಬ್ರಹಳ್ಳಿ ಹಿನ್ನೀರು, ದಂಡಿಗೆ ನಿಮ್ಮವ್ವ ಕೊಡ ಹೊತ್ತು ನಿಂತಿದ್ದು. ಮನ್ಯಾಗ ಬಣ್ಣ ಇಲ್ರೀ ಸಾರ್ ಅಂತ ಅವತ್ತು ಮುಂಜಾನಿ ಸಾಲ್ಯಾಗ ಕುಂತು ಬರದಿ. ತೀರ್ಪು ಹೇಳಾಕ ಬೆನಕಪ್ಪ ಮಾಸ್ತರು ನಮಗ ಎದುರಾಗಿ ಕುರ್ಚಿ ಮ್ಯಾಲೆ ಕುಂತಿದ್ರು. ಕುಂತಲ್ಲಿಂದನ ಒಂದು ಮಾತು ಅಂದ್ರು: "ಬಲ". ಅಷ್ಟ. ಅಂದು, ಎದ್ದು ನಳದ ಕಡಿ ಹೋಗಿಬಿಟ್ರು.

ಯಾರ ಬಲ ಅಂತ ತಿಳೀಬೇಕು? ಎದುರು ಕುಂತವರ ಬಲ ನಮಗ ಎಡ ಅಲ್ಲೇನು? ಅದಕ್ಕ ನಾನು ಮೈಕ್ನಾಗ "ಎಡದವರು ಗೆದ್ದಾರ" ಅಂತ ಕೂಗಿಬಿಟ್ನಿ. ಗೊಂದಲವ್ವಾ... ಬರೀ ಗೊಂದಲ! ಕೇಳೋಣ ಅಂದ್ರ ಈಗ ಮಾಸ್ತರೂ ಇಲ್ಲ. ಪಾಪ, ಹೆಬ್ಬೆಟ್ಟಿನ ನೀಲಿ ಹೋಗವಲ್ದು ಅಂತ ನಳದ ಕೆಳಗ ತಿಕ್ಕೇ ತಿಕ್ಕಿದ್ರು. ಹಸಿ ಬಣ್ಣ ನೋಡು...

ಯಾಕ ನಿನ್ನ ಹೆಬ್ಬೆಟ್ಟು ನೋಡ್ಕೊಂತಿ? ನವಿಲೂ ನೀಲಿನ ಅಲ್ಲೇನು, ಅದರದ್ದ ಇರಬೇಕು... ರಮಾ.

...ನವಿಲು ಒಣಗಿತ್ತವ್ವಾ. ಹಿಂದಿನ ದಿನಾನ ಮನ್ಯಾಗ ನಾನ ತಿದ್ದಿ ಒಣಗಿಸಿಟ್ಟಿದ್ನಿ.

ಹೂಂ. ಕುಂತಲ್ಲಿಂದ ಅನ್ನಲಿಲ್ಲ ಅವರು. ಎದ್ದು ಬಂದು, ನಿನ್ನ ಹಿನ್ನೀರಿನ ಮ್ಯಾಲೆ ಹೆಬ್ಬೆಟ್ಟು ಊರಿ "ಬಲ" ಅಂದ್ರು. ನಾನು ಒಂದು ಮಾರು ದೂರದಾಗ ನಿಂತಿದ್ನಿ. ಮಾಸ್ತರು ನಳದಿಂದ ವಾಪಸ್ ಬರೋದ್ರಾಗ ಗೀತಾನ ಕೊಳ್ಳಾಗ ಹಾರ ಬಿದ್ದಿತ್ತು. ಅವರು ನನ್ನ ಮುಖ ನೋಡಿದ್ರು. ಈಗ ನೀ ನೋಡಾಕ ಹತ್ತೀಯಲ್ಲ, ಹಿಂಗ.

ಗೀತಾನೂ ಒಂದು ವರ್ಷಕ್ಕ ಬಿಟ್ಟು ಬಂದ್ಲು. ಕೈ ಬರಲಿಲ್ಲ ಅಕಿಗೆ.

ಈ ಚೀಲದಾಗ ನಿನ್ನ ಚಿತ್ರ ಐತಿ. ಎಂಟು ವರ್ಷ ಟ್ರಂಕಿನಾಗ ಮುಚ್ಚಿಟ್ಟಿದ್ನಿ. ನಿಮ್ಮವ್ವನ ಕಾಲ ಹತ್ರ ನೋಡು, ನೀರಾಗ... ಮಾಸ್ತರ ಹೆಬ್ಬೆಟ್ಟಿನ ಗುರುತು ಇನ್ನೂ ಐತಿ.

ಒಳಗ ಹೋಗಬ್ಯಾಡವ್ವಾ. ಬೈದಾರ ಹೋಗು.