ಬಸ್ಸಿನಲ್ಲಿ ಬಿರಿದ ಚೆರ್ರಿ

ಬಸ್ಸಿನಲ್ಲಿ ತನ್ನ ಹೊಲಿಗೆ ಅಂಗಡಿಗೆ ಹೊರಟಿದ್ದ ಟೈಲರಮ್ಮನ ಮುಂದಿನ ಸೀಟಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಗಂಡನ ತೊಡೆಯ ಮೇಲಿನ ಪುಟ್ಟ ಕುಂಡದಲ್ಲಿ ಗೇಣುದ್ದದ ಚೆರ್ರಿ ಬೋನ್ಸಾಯಿ.

“ರೀ, ಮೊಗ್ಗು ಬಿರೀತಿದೆ!”

“ಸುಮ್ನಿರೇ. ಒಂಬತ್ತು ವರ್ಷ ಕೊಂಬೆ ಬಗ್ಗಿಸೋಕೆ ತಂತಿ ಸುತ್ತಿದ್ದೇ ಬಂತು, ಒಂದು ಹೂವೂ ಬಿಟ್ಟಿಲ್ಲ.”

“ಕನ್ನಡಕ ಹಾಕ್ಕೊಂಡು ನೋಡಿ!”

“ಅಯ್ಯೋ, ಹೌದಲ್ಲೇ! ಹೂವು ಕಣೇ!”

“ಇದು ಹೂ ಬಿಟ್ರೆ ನಡುಬೀದೀಲಿ ಕುಣೀತೀನಿ ಅಂದಿದ್ರಲ್ಲ ನಿಮ್ಮಕ್ಕ?”

“ಹೂಂ. ಮುಂದಿನ ಸ್ಟಾಪೇ ಅವಳ ಮನೆ. ಆದ್ರೆ ಅಲ್ಲಿ ಇಳಿದು ತಡವಾದ್ರೆ ಬೋನ್ಸಾಯಿ ಪ್ರದರ್ಶನದೊಳಗೆ ಬಿಡಲ್ಲ ಕಣೇ.”

“ಬಹುಮಾನ ಮುಂದಿನ ವರ್ಷ ತಗೊಳ್ಳೋಣ. ಅತ್ತಿಗೆಗೆ ಎಂಬತ್ತೆರಡಾಯ್ತು. ಇವತ್ತೇ ಕುಣೀಲಿ, ಏಳಿ!”

ಆತ ಕುಂಡವನ್ನು ಎದೆಗವಚಿಕೊಂಡು ಎದ್ದು ಕೂಗಿದ: “ಡ್ರೈವರೇ, ಮೆಲ್ಲಗೆ ಬ್ರೇಕ್ ಹಾಕಪ್ಪಾ, ಹೂವಿದೆ!”

ಬಸ್ಸು ನಿಂತಿತು. ಎಪ್ಪತ್ತು ದಾಟಿದ ಆ ಇಬ್ಬರೂ ಇಳಿದವರೇ ಓಡತೊಡಗಿದರು. ಟೈಲರಮ್ಮ ಕಿಟಕಿಯಿಂದ ಕತ್ತು ಚಾಚಿ, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.